ಬಿಸಿಲಿಗಿಟ್ಟ ಸೆಲ್ಲುಗಳು

ಎತ್ತಿನ ಕೊರಳಿಗೆ ಒಂದು ಗಂಟೆ ಬೇಕೆಂದು ನಾಗರಾಜಪ್ಪನ ಅಂಗಡಿಗೆ ಹೋದವನಿಗೆ ಕಡಿಮೆಯೆಂದರೂ ಎರಡು ಗಂಟೆ ಹಿಡಿಯುತ್ತಿತ್ತು. ಹಗ್ಗ, ಮಿಣಿ, ಮೂಗುದಾರ ಕೇಳಿದರೆ ತಕ್ಷಣ ಕೊಟ್ಟು ಕಳಿಸುತ್ತಿದ್ದ. ಗಂಟೆ ಕೇಳಿದರೆ ಮಾತ್ರ ಆಸಾಮಿ ಮೈಮೇಲೆ ಬಂದವನಂತೆ ಎದ್ದು, ಗೋಣಿಚೀಲದಿಂದ ಒಂದೊಂದೇ ಗಂಟೆ ತೆಗೆದು ಕಿವಿಯ ಹತ್ತಿರ ಹಿಡಿದು ಬಾರಿಸಿ ನೋಡುತ್ತಿದ್ದ. ಜೋಡೆತ್ತಿನ ಗಂಟೆಗಳ ದನಿ ಒಂದಕ್ಕೊಂದು ಹೊಂದಬೇಕು ಎಂಬುದು ಅವನ ಹಟ. “ಎತ್ತಿಗೇನ್ ತಿಳೀತೈತ್ರಿ ಸಾವ್ಕಾರ್ರೆ, ಯಾವ್ದಾರ ಕೊಡ್ರಿ” ಎಂದು ರೈತ ಗೋಗರೆದರೆ, “ಎತ್ತಿಗೆ ತಿಳಿಯಲ್ಲ ಅಂತ ನಿನಗ್ಯಾರು ಹೇಳಿದ್ರು? ದಿನಾಪೂರ್ತಿ ಅದನ್ನ ಕೇಳೋದು ನೀನೋ, ಎತ್ತೋ?” ಎನ್ನುತ್ತಿದ್ದ. ಇಂಥವನ ಅಂಗಡಿ ಶಿರಾಳಕೊಪ್ಪದಂಥ ವ್ಯಾಪಾರದ ಪೇಟೆಯಲ್ಲಿ ಅಷ್ಟು ವರ್ಷ ಹೇಗೆ ನಡೆಯಿತೋ ತೊಗರ್ಸಿಯ ಮಲ್ಲಿಕಾರ್ಜುನ ದೇವರಿಗೇ ಗೊತ್ತು.

ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಉಜ್ಜಪ್ಪ ನಾನು. ಮೆಷಿನ್ ತುಳಿದೂ ತುಳಿದೂ ನನಗೆ ತಾಳದ ಹುಚ್ಚು ಹತ್ತಿತು. ಒಂದು ಜೊತೆ ತಬಲ ಕೊಂಡು, ಹೇಳಿಕೊಡುವವರಿಲ್ಲದೆ ನಾನೇ ಕಲಿತೆ. ಉಜ್ಜಪ್ಪ ತಬಲ ಬಾರಿಸುವುದಿಲ್ಲ, ತಬಲಕ್ಕೆ ಬಾರಿಸುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನು. ನಾಗರಾಜಪ್ಪನ ಹಾಡಿಗೆ ತಬಲ ನಾನೇ, ಬೇರೆ ಗತಿ ಅವನಿಗೂ ಇರಲಿಲ್ಲ.

ಅವನು ಹಾಡುಗಾರನೆಂದರೆ ಕಚೇರಿ ಮಾಡುವವನಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಹಿಂದಿನ ಕೋಣೆಯಲ್ಲಿ ಕುಳಿತು ವಚನ, ತತ್ವಪದ ಹಾಡುತ್ತಿದ್ದ. ಸೋಮವಾರ ಸಂಜೆ ತೊಗರ್ಸಿಯ ದೇವಸ್ಥಾನದಲ್ಲಿ ಹಾಡುತ್ತಿದ್ದ. ಎದೆಯಾಳದಿಂದ ಏಳುವ ದಪ್ಪ ದನಿ ಅವನದು. ಮೇಲಿನ ಸ್ವರಗಳಿಗೆ ಹೋಗುವುದು ಅವನಿಗೆ ಆಗುತ್ತಿರಲಿಲ್ಲ. ಆಗದ್ದಕ್ಕೆ ಕೈ ಹಾಕುವ ಸ್ವಭಾವವೂ ಅಲ್ಲ. ಆದರೆ ತನ್ನ ದನಿ ಓಡಾಡುವ ಆ ನಾಲ್ಕು ಸ್ವರಗಳಲ್ಲಿ ಅವನು ನಿಂತರೆ ಕೇಳಿದವರ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಇದನ್ನು ಅವನು ಬದುಕಿದ್ದಾಗ ನಾನು ಅವನೆದುರು ಹೇಳಲಿಲ್ಲ. ತಲೆ ಮೇಲೆ ಕೂರುತ್ತಾನೆ ಎಂಬ ಭಯ.

ಆದರೆ ಇದು ಅವನ ಕಥೆಯಲ್ಲ, ಅವನ ಹೆಂಡತಿ ರಾಜೇಶ್ವರಮ್ಮನದು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಸೊರಬ ತಾಲೂಕಿನ ಕುಬಟೂರು ಅವಳ ತವರು. ಅವಳಪ್ಪ ಅಲ್ಲಿಯ ಗುಡಿಯಲ್ಲಿ ಪುರಾಣ ಓದಿ ಹಾಡುತ್ತಿದ್ದವರು. ಅವರ ಹತ್ತಿರ ಕೈಯಲ್ಲಿ ತಿದಿ ಒತ್ತುವ ಸಾಗುವಾನಿಯ ಶ್ರುತಿ ಪೆಟ್ಟಿಗೆಯೊಂದಿತ್ತು. ಹಾಡುವವನಿಗೆ ಆಧಾರವಾಗಿ ಒಂದೇ ಸ್ವರವನ್ನು ಬಿಡದೆ ನುಡಿಸುವ ಪೆಟ್ಟಿಗೆ ಅದು. ದೊಡ್ಡ ಪುಸ್ತಕ ತೆರೆದು ಮುಚ್ಚಿದ ಹಾಗೆ ಕೈ ಆಡಿಸುತ್ತಿರಬೇಕು. ತೆರೆಯುವಾಗಲೂ ಮುಚ್ಚುವಾಗಲೂ ನಾದ ಒಂದೇ ಸಮ ಬರಬೇಕು. ಅದು ಹೇಳಿದಷ್ಟು ಸುಲಭವಲ್ಲ. ನಾನು ಒತ್ತಿದರೆ ದಮ್ಮು ಹತ್ತಿದ ಮುದುಕನ ಉಸಿರಿನಂತೆ ಕೇಳುತ್ತಿತ್ತು. ಅಕ್ಕ ಲಂಗ ಉಡುವ ವಯಸ್ಸಿನಲ್ಲೇ ಅಪ್ಪನ ಪಕ್ಕ ಕುಳಿತು ಒತ್ತಲು ಕಲಿತವಳು. ಮದುವೆಯಾದಾಗ ಪೆಟ್ಟಿಗೆಯೂ ಅವಳ ಜೊತೆ ಬಂತು. “ಹುಡುಗಿ ಜೊತೆ ಪೆಟ್ಟಿಗೆ ಕೊಟ್ರೋ, ಪೆಟ್ಟಿಗೆ ಜೊತೆ ಹುಡುಗೀನ ಕೊಟ್ರೋ” ಎಂದು ನಾನು ಕೆಣಕಿದರೆ, “ನಿಮ್ಮ ಗೆಳೆಯ ಒಪ್ಪಿದ್ದು ಪೆಟ್ಟಿಗೆನೇ” ಎಂದು ನಗುತ್ತಿದ್ದಳು.

ಅವಳು ಹಾಡುತ್ತಿರಲಿಲ್ಲ. ಹೆಣ್ಣುಮಕ್ಕಳು ಹಾಡಬಾರದೆಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹಾಡು ಎಂದೂ ಯಾರೂ ಕೇಳಿರಲಿಲ್ಲ, ಅಷ್ಟೆ. ಮಗಳು ಸೌಂದರ್ಯಳನ್ನು ಸಾಕಿದಳು, ಶಿಕಾರಿಪುರಕ್ಕೆ ಮದುವೆ ಮಾಡಿ ಕೊಟ್ಟಳು, ಗಂಡ ಗಂಟೆ ಬಾರಿಸುತ್ತಾ ಕುಳಿತಾಗ ಗಿರಾಕಿಗಳಿಗೆ ತಾನೇ ಹಗ್ಗ ಅಳೆದು ಕೊಟ್ಟಳು. ಗಂಡ ಹೆಂಡತಿ ಇಬ್ಬರೂ ಮಾತು ಕಡಿಮೆಯವರು. ದಿನದಲ್ಲಿ ಅವರು ಒಟ್ಟಿಗೆ ಕೂರುತ್ತಿದ್ದುದು ಬೆಳಗಿನ ಆ ಹಾಡಿನ ಹೊತ್ತು ಮಾತ್ರ. ಅವನು ಹಾಡುವುದು, ಅವಳು ತಿದಿ ಒತ್ತುವುದು, ನಾನು ತಬಲಕ್ಕೆ ಬಾರಿಸುವುದು.

ಪ್ರತಿ ಹಾಡು ಮುಗಿದ ಕೂಡಲೇ ನಾಗರಾಜಪ್ಪ ಅವಳ ಕಡೆ ನೋಡದೆಯೇ ಒಂದು ಮಾತು ಹೇಳುತ್ತಿದ್ದ: “ಸಾಕು ಬಿಡೇ, ಕೈ ನೋಯ್ತೈತಿ.” ಆಗ ಅಕ್ಕ ತಿದಿ ಮುಚ್ಚುತ್ತಿದ್ದಳು. ಮನೆಯಲ್ಲಾಗಲಿ, ದೇವಸ್ಥಾನದಲ್ಲಾಗಲಿ ಈ ಮಾತು ತಪ್ಪುತ್ತಿರಲಿಲ್ಲ. ತೊಗರ್ಸಿಯ ಜನ ಆ ಮಾತು ಕೇಳಿದ ಮೇಲೆಯೇ ಹಾಡು ಮುಗಿಯಿತೆಂದು ಕೈಮುಗಿದು ಏಳುತ್ತಿದ್ದರು. ಅವನನ್ನು ಅಣಕಿಸುವ ಹುಡುಗರು ಹಾಡಿನ ಕೊನೆಗೆ ಅದನ್ನೂ ಸೇರಿಸಿಯೇ ಅಣಕಿಸುತ್ತಿದ್ದರು. ನಾನಂತೂ, “ಅದು ಯಾವ ಶರಣರ ವಚನ ಮಾರಾಯ?” ಎಂದು ಕೇಳಿ ಬೈಸಿಕೊಂಡಿದ್ದೆ. ಹೆಂಡತಿಗೆ ನಾಲ್ಕು ಜನರ ಮುಂದೆ ಒಂದು ಒಳ್ಳೆಯ ಮಾತು ಹೇಳಲು ನಾಚುವ ಗಂಡಸು ಅದನ್ನು ಹೀಗೆ ಹಾಡಿನ ಬಾಲಕ್ಕೆ ಕಟ್ಟಿ ಕಳಿಸುತ್ತಿದ್ದ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹಾಗೆ ವರ್ಷಗಟ್ಟಲೆ ಒತ್ತಿದ ಕೈ ಸುಮ್ಮನೆ ಬಿಟ್ಟೀತೇ? ತೊಂಬತ್ತಮೂರರ ಸುಮಾರಿಗೆ ಅಕ್ಕನ ಎಡ ಹೆಗಲು ಹಿಡಿದುಕೊಂಡಿತು. ಎಣ್ಣೆ ಹಚ್ಚಿದ್ದಾಯಿತು, ಶಾಖ ಕೊಟ್ಟದ್ದಾಯಿತು. ತಲೆ ಬಾಚಲು ಕೈ ಎತ್ತಲಾರಳು, ಆದರೂ ಬೆಳಿಗ್ಗೆ ಹಲ್ಲು ಕಚ್ಚಿ ಕೂರುವಳು. ನಾಗರಾಜಪ್ಪ ಒಂದು ದಿನ ನನ್ನನ್ನು ಮೆಷಿನ್ನಿನಿಂದ ಎಬ್ಬಿಸಿ ಹುಬ್ಬಳ್ಳಿ ಬಸ್ಸು ಹತ್ತಿಸಿದ. ಅಲ್ಲಿ ವಾದ್ಯಗಳ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದಿದೆ ಎಂದು ಯಾರೋ ಹೇಳಿದ್ದರಂತೆ. ಕರೆಂಟಿಗೂ ನಡೆಯುತ್ತದೆ, ಸೆಲ್ಲಿಗೂ ನಡೆಯುತ್ತದೆ. ಒಂದು ಗುಂಡಿ ತಿರುಗಿಸಿದರೆ ಬೇಕಾದ ಶ್ರುತಿ, ಇನ್ನೊಂದು ತಿರುಗಿಸಿದರೆ ಬೇಕಾದಷ್ಟು ಜೋರು. ದುಡ್ಡು ಕೊಟ್ಟು ಅದನ್ನು ಕಟ್ಟಿಸಿಕೊಂಡ ಮೇಲೆ ಅಂಗಡಿಯವನು ಪಕ್ಕದಲ್ಲಿದ್ದ ಇನ್ನೊಂದು ಡಬ್ಬಿಯ ಸ್ವಿಚ್ ಒತ್ತಿದ. ಅದರೊಳಗಿಂದ ತಬಲ ಕೇಳಿತು. ತಪ್ಪದ ತಾಳ, ದಣಿಯದ ಕೈ. ನಾನು ನಾಗರಾಜಪ್ಪನ ತೋಳು ಹಿಡಿದು ಹೊರಗೆಳೆದುಕೊಂಡು ಬಂದೆ. “ಬಸ್ಸಿಗೆ ಹೊತ್ತಾತು” ಎಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮರುದಿನ ಬೆಳಿಗ್ಗೆ ಹೊಸ ಪೆಟ್ಟಿಗೆಯನ್ನು ಚಾಪೆಯ ಮೇಲೆ ಇಟ್ಟು, ಗುಂಡಿಯನ್ನು ಕರಿ ಒಂದಕ್ಕೆ ತಿರುಗಿಸಿದ. ಕರಿ ಒಂದು ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರ. ಅವನು ಹಾಡುತ್ತಿದ್ದ ಶ್ರುತಿ ಅದೇ, ಅಕ್ಕನ ಪೆಟ್ಟಿಗೆಯದೂ ಅದೇ. ಕೋಣೆ ತುಂಬ ನಾದ ಹರಡಿತು. “ಇನ್ನ ನೀ ಆರಾಮಾಗಿರು” ಎಂದ ಅಕ್ಕನಿಗೆ. ಅವನ ಮುಖದಲ್ಲಿ ಎಂಥ ಸಂತೋಷವೆಂದರೆ, ಹೆಂಡತಿಗೆ ಬಂಗಾರ ಮಾಡಿಸಿದವನ ಮುಖದಲ್ಲೂ ನಾನು ಅಷ್ಟು ನೋಡಿಲ್ಲ. ಅಕ್ಕ ಗೋಡೆಗೆ ಒರಗಿ ಕುಳಿತು ಕೇಳಿದಳು. ಅವಳ ಎಡಗೈ ತೊಡೆಯ ಮೇಲೆ ತಾನಾಗಿಯೇ ತೆರೆದು ಮುಚ್ಚಿಕೊಳ್ಳುತ್ತಿತ್ತು. ಹಾಡು ಮುಗಿಯಿತು. ನಾಗರಾಜಪ್ಪ ಬಾಯಿ ತೆರೆದ, ಪೆಟ್ಟಿಗೆಯನ್ನು ನೋಡಿದ, ಬಾಯಿ ಮುಚ್ಚಿದ. ಕೈ ಚಾಚಿ ಟಕ್ ಎಂದು ಸ್ವಿಚ್ ಆರಿಸಿದ.

ಮರುದಿನದಿಂದ ಹಾಡಿನ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿರತೊಡಗಿದಳು. ಕುಳಿತು ಏನು ಮಾಡುವುದು? ರೊಟ್ಟಿಯಾದರೂ ಆಗುತ್ತದಲ್ಲ. ಹಳೆಯ ಪೆಟ್ಟಿಗೆ ಅಟ್ಟ ಸೇರಿತು. ಹೆಗಲು ನೆಟ್ಟಗಾಯಿತು. “ಆರಾಮಾ ಅಕ್ಕಾ?” ಎಂದರೆ, “ಆರಾಮಪ್ಪ. ಮೊದ್ಲು ಕೈ ನೋಯ್ತಿತ್ತು, ಈಗ ಅದೂ ಇಲ್ಲ” ಎಂದಳು ಒಮ್ಮೆ. ಅದನ್ನು ಹೇಳಿದ ರೀತಿ ಕೇಳಿ ನನಗೆ ಆ ಡಬ್ಬಿಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ಆದರೆ ನಿಜ ಹೇಳಬೇಕು. ಅದು ಬಂದ ಮೇಲೆ ನಾಗರಾಜಪ್ಪ ಮೊದಲಿಗಿಂತ ಚೆನ್ನಾಗಿ ಹಾಡಿದ. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲೂ ಹಚ್ಚಿಕೊಂಡು ಅಭ್ಯಾಸ ಮಾಡುವನು. ಯಾರನ್ನೂ ಕರೆಯಬೇಕಿಲ್ಲ, ಯಾರಿಗೂ ಕೈ ನೋಯುವುದಿಲ್ಲ. ಕರೆಂಟು ಹೋದರೆ ಸೆಲ್ಲು. ಆ ಸೆಲ್ಲುಗಳಿಗೂ ಅವನು ಸುಲಭಕ್ಕೆ ಮುಕ್ತಿ ಕೊಡುತ್ತಿರಲಿಲ್ಲ. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಬ್ಯಾಟರಿ ಟಾರ್ಚು ಇರುವ ಮನೆಯವರೆಲ್ಲ ಮಾಡುವುದೇ. ಅವನ ಅಂಗಡಿಯ ತಗಡಿನ ಮೇಲೆ ಹಪ್ಪಳದ ಹಾಗೆ ಸೆಲ್ಲು ಒಣಗುತ್ತಿದ್ದವು.

ಮೂರ್ನಾಲ್ಕು ವರ್ಷ ಹೀಗೆ ಕಳೆದಿರಬೇಕು. ಒಂದು ಶ್ರಾವಣದಲ್ಲಿ ಅವನ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ಕಷಾಯ ಕುಡಿದ, ಮೆಣಸು ಜಗಿದ. ದೀಪಾವಳಿ ದಾಟಿದರೂ ಹೋಗಲಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋದೆವು. ಗಂಟಲಲ್ಲಿ ಗಂಟಾಗಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದರೂ ಮಾತು ಅದೇ ತಾನೇ. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ನಾಗರಾಜಪ್ಪ ನನ್ನ ಕಡೆ ಬಾಗಿ, “ಉಜ್ಜಪ್ಪ, ಹೋಗದ್ರೊಳಗೆ ಒಂದ್ ಕ್ಯಾಸೆಟ್ ತುಂಬಿಸಿ ಇಡಬೇಕು ಕಣೋ” ಎಂದ. ಆಮೇಲೆ, “ಇವಳಿಗೆ ಇರ್ಲಿ” ಎಂದು ಸೇರಿಸಿದ. ಅಕ್ಕನಿಗೆ ಕೇಳಿಸಿತೋ ಇಲ್ಲವೋ.

ಮಗಳ ಮನೆಯಿಂದ ಟೇಪ್ ರೆಕಾರ್ಡರ್ ತರಿಸಿದೆವು. ಆಪರೇಷನ್ನಿಗೆಂದು ದಾವಣಗೆರೆಗೆ ಹೊರಡುವ ದಿನ ಬೆಳಿಗ್ಗೆ ದನಿ ದೇವರ ದಯದಿಂದ ಸ್ವಲ್ಪ ತಿಳಿಯಾಗಿತ್ತು. ಕೂತು ಹಾಡಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಬಸ್ಸಿನ ಹೊತ್ತು ಹತ್ತಿರ, ಪೇಟೆಯ ಅಂಗಡಿಗಳು ತೆಗೆದಿಲ್ಲ. ಮನೆಯಲ್ಲಿದ್ದ ಹೊಸ ಸೆಲ್ಲು ಒಂದೇ ಯಂತ್ರಕ್ಕೆ ಸಾಲುವಷ್ಟು. ನಾಗರಾಜಪ್ಪ ಯೋಚಿಸಲೇ ಇಲ್ಲ. “ಹೊಸವು ಶ್ರುತಿ ಪೆಟ್ಟಿಗೆಗೆ ಹಾಕು. ಶ್ರುತಿ ಅಲ್ಲಾಡಿದ್ರೆ ಹಾಡೇ ಹೋತು. ಟೇಪ್ ಏನು, ತಿರುಗಿದ್ರೆ ಸಾಕು” ಎಂದ. ಅಕ್ಕ ತಗಡಿನ ಮೇಲಿನ ಹಳೆಯ ಸೆಲ್ಲುಗಳನ್ನು ತಂದು ಟೇಪಿಗೆ ಹಾಕಿದಳು. ಟೇಪು ತಿರುಗಿತು. ನಮ್ಮ ಮೂವರಿಗೂ ಅದು ಸರಿಯಾಗಿಯೇ ಕಂಡಿತು. ಶ್ರುತಿಯನ್ನು ದೇವರೆಂದು ನಂಬಿದವರು ಮಾತ್ರ ಮಾಡಬಹುದಾದ ತಪ್ಪು ಅದು.

ಆಮೇಲೆ ನನ್ನನ್ನು ಹೊರಗೆ ಕಳಿಸಿದ. “ತಬಲ ಬ್ಯಾಡ. ದನಿ ಒಂದೇ ಇರ್ಲಿ” ಎಂದ. ಅಕ್ಕನಿಗೆ ಬಿಸಿನೀರು ಕಾಯಿಸಿ ತಾ ಎಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಒಳಗಿಂದ ಹಾಡು ಕೇಳಿಸುತ್ತಿತ್ತು, ಅವನವ್ವ ಬೀಸುವಾಗ ಹೇಳುತ್ತಿದ್ದ ಪದ, ಅದಕ್ಕೆ ಅವನೇ ಕಟ್ಟಿದ ಧಾಟಿ. ಹಾಡು ಕೊನೆಗೆ ಬರುವಾಗ ಹಾನಗಲ್ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು, ನನಗೆ ಬೇರೆ ಏನೂ ಕೇಳಲಿಲ್ಲ. ಬಾಗಿಲು ತೆರೆದಾಗ ಅವನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಅದೇ ಸೆಲ್ಲಿನಲ್ಲಿ ಶುರುವಿನ ಒಂದು ಸಾಲು ಕೇಳಿಸಿದ. ಥೇಟ್ ಅವನದೇ ದನಿ. ನನ್ನ ಕತ್ತರಿಯ ತುದಿಯಿಂದ ಕ್ಯಾಸೆಟ್ಟಿನ ಹಿಂದಿನ ಹಲ್ಲು ಎರಡನ್ನೂ ಮುರಿದು, “ಇನ್ನ ಯಾರೂ ಇದನ್ನ ಅಳಿಸಾಕಾಗಲ್ಲ” ಎಂದು ಅಕ್ಕನ ಕೈಗೆ ಕೊಟ್ಟ. ಅದು ನಾನು ಅವನ ಬಾಯಿಂದ ಕೇಳಿದ ಕೊನೆಯ ಮಾತುಗಳಲ್ಲಿ ಒಂದು.

ಆಪರೇಷನ್ ಆಗಿ ಮನೆಗೆ ಬಂದ. ಕೊರಳಿಗೆ ಬಿಳಿ ಬಟ್ಟೆ. ಉಸಿರು ಮಾತ್ರ ಕೇಳುತ್ತಿತ್ತು. ನೋಡಲು ನೆಂಟರು ಬಂದಿದ್ದರು. ಸೌಂದರ್ಯ ಅಪ್ಪನಿಗೆ ಖುಷಿಯಾಗಲಿ ಎಂದು ಟೇಪ್ ರೆಕಾರ್ಡರನ್ನು ಕರೆಂಟಿಗೆ ಸಿಕ್ಕಿಸಿ ಆ ಕ್ಯಾಸೆಟ್ ಹಾಕಿದಳು. ಎಲ್ಲರೂ ಮಾತು ನಿಲ್ಲಿಸಿದರು. ಯಂತ್ರದೊಳಗಿಂದ ಗುಬ್ಬಿಮರಿಯಂಥ ಒಂದು ದನಿ ಕೀಚು ಕೀಚು ಎಂದು ಅವಸರವಸರವಾಗಿ ಹಾಡತೊಡಗಿತು. ಹಿಂದೆ ಶ್ರುತಿಯೂ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಬಂದ ಮಕ್ಕಳು ಗೊಳ್ಳೆಂದು ನಕ್ಕವು. ನಾಗರಾಜಪ್ಪ ಕಣ್ಣು ಅರಳಿಸಿ ನೋಡಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ನಗುತ್ತಿದ್ದನೋ ಅಳುತ್ತಿದ್ದನೋ, ದನಿಯಿಲ್ಲದವನಲ್ಲಿ ಅದನ್ನು ತಿಳಿಯುವುದು ಕಷ್ಟ.

ಹಾಡು ಮುಗಿದ ಮೇಲೆ ಅದೇ ಕೀಚಲು ದನಿಯಲ್ಲಿ ಒಂದೆರಡು ಮಾತು ಬಂತು. ಚಿಕಿಪಿಕಿ ಚಿಕಿಪಿಕಿ. ಆಮೇಲೆ ಟಕ್. ಅಕ್ಕ ತಟ್ಟನೆ ಮುಂದಕ್ಕೆ ಬಾಗಿದಳು. “ಕೊನೆಗೆ ಏನೋ ಅಂದ್ರಲ್ಲ ರೀ. ಏನದು?” ಸೌಂದರ್ಯ ಮತ್ತೆ ಮತ್ತೆ ಸುತ್ತಿ ಹಾಕಿದಳು, ಯಾರಿಗೂ ತಿಳಿಯಲಿಲ್ಲ. ಬರೆದು ತೋರಿಸಲಿ ಎಂದು ಸ್ಲೇಟು ಕೊಟ್ಟರು. ನಾಗರಾಜಪ್ಪ ಮಗಳನ್ನು ನೋಡಿದ, ಅಳಿಯನನ್ನು ನೋಡಿದ, ಸ್ಲೇಟನ್ನು ಪಕ್ಕಕ್ಕಿಟ್ಟ. ಆಮೇಲೆ ಅಕ್ಕನ ಮುಖ ನೋಡುತ್ತಾ ಎಡಗೈಯನ್ನು ಗಾಳಿಯಲ್ಲಿ ಮೆಲ್ಲಗೆ ತೆರೆದು ಮುಚ್ಚಿ ತೋರಿಸಿದ. “ಪೆಟ್ಟಿಗೆ ಬೇಕಾ? ನಮ್ಮಪ್ಪನ ಪೆಟ್ಟಿಗೆ?” ಎಂದಳು ಅಕ್ಕ. ಅವನು ಒಂದು ಕ್ಷಣ ತಡೆದು, ಹೂಂ ಎಂಬಂತೆ ತಲೆಯಾಡಿಸಿದ. ಅವನು ಹೇಳಹೊರಟದ್ದು ಅದಲ್ಲ ಎಂದು ನನಗನಿಸಿತು. ಆದರೆ ಅದೂ ಸರಿಯೇ ಎಂದು ಬಿಟ್ಟುಬಿಟ್ಟ ಹಾಗಿತ್ತು.

ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಯಿತು. ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕ ಅವನ ಹಾಸಿಗೆಯ ಪಕ್ಕ ಕುಳಿತು ತಿದಿ ಒತ್ತುವಳು. ಅವನು ಕಣ್ಣು ಮುಚ್ಚಿ ಕೇಳುವನು. ಹಾಡೇ ಇಲ್ಲದ ಮೇಲೆ ಎಲ್ಲಿಗೆ ಮುಗಿಸುವುದು? ಸಾಕು ಎನ್ನುವವನಿಗೆ ದನಿಯಿಲ್ಲ. ಅವನಿಗೆ ನಿದ್ದೆ ಹತ್ತುವವರೆಗೂ ಅವಳು ಒತ್ತುತ್ತಿದ್ದಳು. ಹೆಗಲು ಮತ್ತೆ ಹಿಡಿದುಕೊಂಡಿತು. ಯಾರಿಗೂ ಹೇಳಲಿಲ್ಲ. ಮುಂಗಾರು ಹಿಡಿಯುವ ಮೊದಲೇ ಒಂದು ಬೆಳಿಗ್ಗೆ, ತಿದಿ ಆಡುತ್ತಿರುವಾಗಲೇ, ನಾಗರಾಜಪ್ಪ ಹೋಗಿಬಿಟ್ಟ. ನಿದ್ದೆ ಎಂದುಕೊಂಡು ಅಕ್ಕ ಆಮೇಲೂ ಎಷ್ಟೋ ಹೊತ್ತು ಒತ್ತಿದ್ದಳಂತೆ.

ಕಾರ್ಯಗಳೆಲ್ಲ ಮುಗಿದು, ಮಗಳು ಶಿಕಾರಿಪುರಕ್ಕೆ ಹೋದ ಮೇಲೆ ಅಕ್ಕ ಕ್ಯಾಸೆಟ್ ಹಿಡಿದು ನನ್ನ ಅಂಗಡಿಗೆ ಬಂದಳು. “ಉಜ್ಜಪ್ಪ, ಇದ್ರಾಗೆ ಕೊನೆಗೆ ಅವರು ಏನಂದಾರೆ ಅಂತ ನಂಗೆ ಕೇಳ್ಬೇಕು. ಹಾಡು ಕೇಳದಿದ್ರೂ ಅಡ್ಡಿಲ್ಲ. ಹಾಡು ನನ್ನ ಕಿವಿಯಾಗೈತಿ. ಆ ಮಾತು ಬೇಕು” ಎಂದಳು. ಗಂಡ ಸತ್ತಾಗಲೂ ಗಟ್ಟಿಯಾಗಿ ಅಳದ ಹೆಂಗಸು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಹೊಲಿಯಲು ಬಂದ ಯಾರದೋ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಕೆಂಪಪ್ಪನ ಬಳಿಗೆ ಹೋದೆವು. ಅವನು ಒಂದು ಸಾಲು ಕೇಳಿದ ಕೂಡಲೇ, “ಸೋತ ಸೆಲ್ಲಾಗೆ ತುಂಬಿಸೀರಿ” ಎಂದ. ಸೆಲ್ಲಿನ ಜೀವ ಕಡಿಮೆಯಾದರೆ ಟೇಪು ನಿಧಾನ ತಿರುಗುತ್ತದಂತೆ. ನಿಧಾನ ತಿರುಗುವಾಗ ತುಂಬಿಸಿದ್ದನ್ನು ಕರೆಂಟಿನಲ್ಲಿ ಹಾಕಿದರೆ ಓಡುತ್ತದಂತೆ. ಓಡಿದಷ್ಟೂ ದನಿ ಸಣ್ಣದಾಗುತ್ತದಂತೆ. “ಹಂಗಾರೆ ನಾವು ಅವತ್ತು ಕೇಳಿದಾಗ ಸರಿ ಇತ್ತಲ್ಲೋ” ಎಂದೆ. “ಅದೇ ಸೆಲ್ಲಾಗೆ ಕೇಳೀರಿ. ಎರಡೂ ನಿಧಾನ, ಸರಿ ಹೋಗೈತಿ” ಎಂದ. ಶಿವಮೊಗ್ಗದಲ್ಲಿ ಈಗ ಹಾಡು ತುಂಬಿಸುವವರು ಕಂಪ್ಯೂಟರ್ ಇಟ್ಟಿದ್ದಾರೆ, ಅದರೊಳಗೆ ಒಂದು ಸಾಫ್ಟ್‌ವೇರ್ ಇರುತ್ತದೆ, ದನಿಯನ್ನು ಹಿಗ್ಗಿಸಿ ಕುಗ್ಗಿಸಿ ಹದಕ್ಕೆ ತರುತ್ತದೆ ಎಂದೂ ಹೇಳಿದ. ಅಕ್ಕನಿಗೆ ಆಸೆಯಾಯಿತು. ಆದರೆ ಕ್ಯಾಸೆಟ್ಟನ್ನು ಅಲ್ಲೇ ಕೆಲವು ದಿನ ಬಿಟ್ಟು ಬರಬೇಕು ಎಂದ ಕೂಡಲೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಇರೋದು ಇದೊಂದೇ ಅಲ್ದಾ ಕೆಂಪಪ್ಪ. ಬಿಟ್ಟು ಬರಾಕೆ ಆಗಲ್ಲ ನಂಗೆ.”

ಕೆಂಪಪ್ಪ ತಲೆ ಕೆರೆದುಕೊಂಡ. “ಹಂಗಾರೆ ಇನ್ನೊಂದು ದಾರಿ ಐತಿ. ಅವತ್ತಿನ ಸೆಲ್ಲು ಎಷ್ಟು ಸತ್ತಿದ್ವೋ ಅಷ್ಟೇ ಸತ್ತ ಸೆಲ್ಲು ಹಾಕ್ರಿ. ಹೊಸ ಸೆಲ್ಲು ಯಾರಾದ್ರೂ ಮಾರ್ತಾರೆ. ಅಳತೆಗೆ ಸರಿಯಾಗಿ ಸತ್ತಿರೋದನ್ನ ಎಲ್ಲಿ ಹುಡುಕ್ತೀರೋ ನಂಗೆ ಗೊತ್ತಿಲ್ಲ” ಎಂದ. ಅವನು ತಮಾಷೆಗೆ ಹೇಳಿದ್ದು. ಅಕ್ಕ ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಹಗ್ಗದ ಅಂಗಡಿ ಮತ್ತೆ ತೆರೆಯಿತು. ಅಕ್ಕನೇ ಕುಳಿತಳು. ಹಗ್ಗಕ್ಕೆ ಬಂದ ಪ್ರತಿಯೊಬ್ಬ ರೈತನನ್ನೂ, “ನಿಮ್ಮನ್ಯಾಗೆ ಸತ್ತ ಸೆಲ್ಲು ಇದ್ರೆ ತಂದುಕೊಡ್ರಿ” ಎಂದು ಕೇಳುವಳು. ಮೊದಮೊದಲು ಅವರು ಬೆಪ್ಪಾಗಿ ನೋಡಿದರು. ಆಮೇಲೆ ಸಂತೆಯ ದಿನ ಜನ ಚೀಲದ ಮೂಲೆಯಲ್ಲಿ ಎರಡೆರಡು ಸೆಲ್ಲು ಹಾಕಿಕೊಂಡು ಬರತೊಡಗಿದರು. ಗದ್ದೆಗೆ ನೀರು ಕಟ್ಟುವವರ ಬ್ಯಾಟರಿಯವು, ರೇಡಿಯೋದವು, ಜಂಗು ಹಿಡಿದವು, ಸೋರಿದವು. ಗಂಡ ಹೋದ ಮೇಲೆ ಪಾಪ ತಲೆ ಸ್ವಲ್ಪ ಹೀಗಾಗಿದೆ ಎಂದು ಪೇಟೆಯಲ್ಲಿ ಮಾತಾಡಿಕೊಂಡರು. ಹಾಗೆಂದ ಬಳೆ ಅಂಗಡಿಯವನಿಗೆ ನಾನು ಬಾಯಿಗೆ ಬಂದಂತೆ ಬೈದು, ಅವನ ಮಗನ ಪ್ಯಾಂಟನ್ನು ಹೊಲಿಯದೆ ವಾಪಸ್ ಕೊಟ್ಟೆ.

ತಗಡಿನ ಮೇಲೆ ಬಿಸಿಲಿಗಿಟ್ಟ ಸೆಲ್ಲುಗಳನ್ನು ಮಧ್ಯಾಹ್ನ ಇಳಿಸಿ ತಂದು ಹಾಕಿ ನೋಡುವುದು ನಮ್ಮ ಕೆಲಸವಾಯಿತು. ಕೆಲವು ಟೇಪನ್ನು ತಿರುಗಿಸಲೇ ಇಲ್ಲ. ಕೆಲವಕ್ಕೆ ಜೀವ ಹೆಚ್ಚು, ಗುಬ್ಬಿಮರಿಯೇ ಬರುವುದು. ಕೆಲವು ಶುರುವಾದ ಕೂಡಲೇ ಸೋತು, ದನಿ ಗೂಳಿಯ ಗುಟುರಿನಂತೆ ಇಳಿದು ನಿಂತುಬಿಡುವುದು. ಅಕ್ಕ ಸಾರಿಗೆ ಉಪ್ಪು ನೋಡಿ ಹಾಕಿದಂತೆ, ಜೀವ ಇದ್ದವು ಕೆಲವು, ಸತ್ತವು ಕೆಲವು ಕೂಡಿಸಿ ಹಾಕುವಳು. ಒಮ್ಮೆ ಟೇಪು ಒಳಗೆ ಸಿಕ್ಕಿಹಾಕಿಕೊಂಡು ಹೊರಗೆ ಕರುಳಿನ ಹಾಗೆ ಬಂತು. ಅಕ್ಕ ಉಸಿರು ಬಿಡದೆ, ಪೆನ್ಸಿಲಿನಿಂದ ಮೆಲ್ಲಗೆ ಸುತ್ತಿ ಒಳಗೆ ಸೇರಿಸಿದಳು. ಆಮೇಲೆ ಅಂದು ಮತ್ತೆ ಹಾಕುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಎಷ್ಟೋ ಸಲ ಹಾಡಿನ ನಡುವೆ ಎಲ್ಲೋ ಅವನ ದನಿ ಮಿಂಚಿ ಹೋಗುತ್ತಿತ್ತು. ಕೊನೆಯವರೆಗೆ ಮಾತ್ರ ನಿಲ್ಲುತ್ತಿರಲಿಲ್ಲ.

“ಸರಿ ಬಂತು ಅಂತ ಹೆಂಗ್ ಗೊತ್ತಾಗಬೇಕಕ್ಕ? ನಮಗೆ ಆಸೆಗೆ ಹಂಗೆ ಕೇಳ್ತೈತೋ ಏನೋ” ಎಂದೆ ನಾನು ಒಂದು ದಿನ ಬೇಸತ್ತು. ಅಕ್ಕ ಎದ್ದು ಹೋಗಿ ಅಪ್ಪನ ಪೆಟ್ಟಿಗೆ ತಂದಳು. “ಟೇಪಾಗೆ ಅವರ ಶ್ರುತಿನೂ ಐತಲ್ಲ. ಅದು ಇದಕ್ಕೆ ಕೂಡಿದ್ರೆ ಅವರೇ” ಎಂದು ಎಡಗೈಯಲ್ಲಿ ತಿದಿ ಹಿಡಿದಳು. ಆ ಹೆಗಲಿನಲ್ಲಿ ಒತ್ತಬೇಡ ಎಂದು ಹೇಳಲು ಬಾಯಿ ತೆರೆದೆ. ಅದನ್ನು ಹೇಳುವುದು ನನ್ನ ಕೆಲಸವಲ್ಲ ಎನಿಸಿ ಸುಮ್ಮನಾದೆ.

ಅಂದು ಬಿಸಿಲು ಚೆನ್ನಾಗಿತ್ತು. ಸೆರಗಿನಲ್ಲಿ ತಂದ ಸೆಲ್ಲುಗಳು ಇನ್ನೂ ಬಿಸಿಯಾಗಿದ್ದವು. ಕುಬಟೂರಿನಿಂದ ಅವಳ ತವರಿನವರು ಕಳಿಸಿದ್ದವು ಎರಡು, ತಗಡಿನ ಮೇಲೆಯೇ ಮೂಲೆಯಲ್ಲಿ ಬಿದ್ದಿದ್ದ ನಾಗರಾಜಪ್ಪನ ಕಾಲದವು ಎರಡು. ಹಾಕಿದೆ. ಕ್ಯಾಸೆಟ್ಟನ್ನು ಹಾಡಿನ ಕೊನೆಯ ನುಡಿಗೆ ಮೊದಲೇ ಸುತ್ತಿ ಇಟ್ಟಿದ್ದೆವು. ಗುಂಡಿ ಒತ್ತಿದೆ. ಅಕ್ಕನ ಪೆಟ್ಟಿಗೆ ಕರಿ ಒಂದರಲ್ಲಿ ನಾದ ಹಿಡಿದಿತ್ತು. ಟೇಪು ಮೇಲಿನ ದನಿಯಲ್ಲಿ ಶುರುವಾಯಿತು. ಮತ್ತೆ ಗುಬ್ಬಿಮರಿ ಎಂದು ಆರಿಸಲು ಹೋದೆ. “ತಾಳು” ಎಂದಳು.

ದನಿ ಇಳಿಯತೊಡಗಿತು. ಹುಡುಗನ ದನಿಯಾಯಿತು, ಹೆಂಗಸಿನ ದನಿಯಾಯಿತು, ಯಾರೋ ಗೊತ್ತಿಲ್ಲದ ಗಂಡಸಿನ ದನಿಯಾಯಿತು. ಟೇಪಿನ ಶ್ರುತಿಗೂ ಅಕ್ಕನ ಶ್ರುತಿಗೂ ನಡುವೆ ಗುಂಯ್ ಗುಂಯ್ ಎಂದು ಜಗಳ ನಡೆದಿತ್ತು. ಆ ಗುಂಯ್ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಎರಡೂ ಶ್ರುತಿ ಒಂದಾದವು. ನಾಗರಾಜಪ್ಪ ಕೋಣೆಯಲ್ಲಿದ್ದ. ಅದೇ ದಪ್ಪ ದನಿ, ನೋಯುತ್ತಿದ್ದ ಗಂಟಲು, ಸಾಲಿನ ಕೊನೆಗೆ ಅವನು ತೆಗೆದುಕೊಳ್ಳುವ ಉಸಿರು. ನನ್ನ ಕಣ್ಣಲ್ಲಿ ನೀರು ತಾನಾಗಿ ಸುರಿಯುತ್ತಿತ್ತು. ಅಕ್ಕನ ಕಣ್ಣು ಒಣಗಿತ್ತು. ಅವಳು ಟೇಪನ್ನೇ ನೋಡುತ್ತಾ ಒಂದೇ ಸಮ ಒತ್ತುತ್ತಿದ್ದಳು, ಎಲ್ಲಿ ನಾದ ಅಲುಗಿದರೆ ಅವನು ಹಾಡು ನಿಲ್ಲಿಸುವನೋ ಎಂಬಂತೆ.

ಹಾಡು ಮುಗಿಯಿತು. ದೂರದಲ್ಲಿ ಹಾನಗಲ್ ಬಸ್ಸಿನ ಹಾರ್ನು ಕೇಳಿಸಿತು. ಅದು ಟೇಪಿನೊಳಗಿನದು. ಆಮೇಲೆ ನಾಗರಾಜಪ್ಪ ಹೇಳಿದ:

“ಸಾಕು ಬಿಡೇ ರಾಜೀ, ಕೈ ನೋಯ್ತೈತಿ.”

ಅಕ್ಕನ ಕೈ ನಿಂತಿತು.

ಟೇಪಿನಲ್ಲಿ ಸ್ವಲ್ಪ ಹೊತ್ತು ಅವನ ಶ್ರುತಿಯೊಂದೇ ಕೇಳಿತು. ಹೊಸ ಸೆಲ್ಲಿನ ಪೆಟ್ಟಿಗೆ, ಅದಕ್ಕೆ ಸಾಕು ಎಂದರೆ ತಿಳಿಯುತ್ತದೆಯೇ. ಅವನು ಸಣ್ಣಗೆ ನಕ್ಕ. “ಅಯ್ಯ, ನೀ ಎಲ್ಲಿದೀಯ ಇಲ್ಲಿ” ಎಂದ, ತನಗೆ ತಾನೇ. ಟಕ್ ಎಂದಿತು. ಸೆಲ್ಲು ಸೋತು ಟೇಪು ನಿಂತಿತು.

ಅಕ್ಕ ತಿದಿಯನ್ನು ಮುಚ್ಚಿ ಕೊಂಡಿ ಹಾಕಿದಳು. ಆಮೇಲೆ ಆ ಟೇಪಿನ ಕಡೆ ತಿರುಗಿ, ತಡವಾಗಿ ಬಂದವಳು ಗಂಡನಿಗೆ ಕಾರಣ ಹೇಳುವ ದನಿಯಲ್ಲಿ, “ಬಿಸಿನೀರು ಕಾಯಿಸ್ತಿದ್ದೆ ರೀ. ನೀವೇ ಕಳಿಸಿದ್ರಲ್ಲ” ಎಂದಳು.